ಹೊಳಪು ನೋಡಿ ಗಾತ್ರ ಹೇಳುವುದು ಹೇಗೆ? ಕ್ಷುದ್ರಗ್ರಹಗಳ ಲೆಕ್ಕ, ಹಂತ ಹಂತವಾಗಿ

ಕ್ಷುದ್ರಗ್ರಹದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: "ಗಾತ್ರ 40ರಿಂದ 90 ಮೀಟರ್ ಅಂತ ಬರೆದಿದ್ದಾರೆ. ಇದೆಂಥ ಅಳತೆ? ಇಷ್ಟು ದೊಡ್ಡ ದೂರದರ್ಶಕಗಳಿದ್ದೂ ಸರಿಯಾಗಿ ಅಳೆಯೋಕೆ ಆಗಲ್ವಾ?"

ಈ 40-90ರ ಲೆಕ್ಕ ಬಂದದ್ದು 2024 ವೈಆರ್4 ಎಂಬ ಕ್ಷುದ್ರಗ್ರಹದ ವಿಷಯದಲ್ಲಿ. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕದ ಕಣ್ಣಿಗೆ ಬಿದ್ದದ್ದು ಇದು. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇ 3ರ ಆಸುಪಾಸಿಗೆ ಏರಿದ್ದರಿಂದ 2025ರ ಫೆಬ್ರವರಿಯಲ್ಲಿ ಎಲ್ಲೆಲ್ಲೂ ಇದರದೇ ಮಾತು. ಆಮೇಲೆ ಕಕ್ಷೆಯ ಲೆಕ್ಕ ಗಟ್ಟಿಯಾಗುತ್ತಿದ್ದಂತೆ ಭೂಮಿಗೆ ಬಡಿಯುವ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಆದರೆ ಗಾತ್ರದ ಗೊಂದಲ ಓದುಗರ ತಲೆಯಲ್ಲಿ ಹಾಗೇ ಉಳಿಯಿತು.

ವಿಷಯ ಇಷ್ಟೇ. ಇಂಥ ಕಲ್ಲು ಎಷ್ಟೇ ದೊಡ್ಡ ದೂರದರ್ಶಕದಲ್ಲೂ ಒಂದು ಚುಕ್ಕಿ. ಅದರ ಅಂಚು ಕಾಣಿಸುವುದಿಲ್ಲ, ಹಾಗಾಗಿ ಅಡ್ಡಳತೆ ನೇರವಾಗಿ ಸಿಗುವುದಿಲ್ಲ. ಸಿಗುವುದು ಹೊಳಪು ಮಾತ್ರ. ಹೊಳಪು ಅನ್ನುವುದು ಗಾತ್ರ ಮತ್ತು ಮೈಯ ಬಿಳುಪು ಎರಡರ ಗುಣಲಬ್ಧ. ಗುಣಲಬ್ಧ ಒಂದನ್ನೇ ಕೊಟ್ಟು ಎರಡೂ ಸಂಖ್ಯೆ ಹೇಳಿ ಅಂದರೆ ಯಾರಿಂದಲೂ ಆಗುವುದಿಲ್ಲ. ಕತ್ತಲಲ್ಲಿ ಹೈವೇ ಮೇಲೆ ಹೋಗುವಾಗ ಹೆಡ್‌ಲೈಟಿಗೆ ಬಿಳಿ ಪಂಚೆ ದೂರದಿಂದಲೇ ಹೊಳೆಯುತ್ತದೆ, ಎದುರಿಗೇ ನಿಂತ ಎಮ್ಮೆ ಕಾಣಿಸುವುದಿಲ್ಲ, ಅಲ್ವಾ? ಅದೇ ಕಥೆ.

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಹೈಸ್ಕೂಲು ಗಣಿತ ಸಾಕು.

ಏನೇನು ಬೇಕು

ವರ್ಗಮೂಲ, ಘಾತ ಮತ್ತು ಲಾಗ್ ಗುಂಡಿಗಳಿರುವ ಕ್ಯಾಲ್ಕುಲೇಟರ್ ಬೇಕು. ಎಷ್ಟೋ ಮೊಬೈಲ್‌ಗಳಲ್ಲಿ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿದರೆ ಈ ಗುಂಡಿಗಳು ಬರುತ್ತವೆ. ಕ್ಷುದ್ರಗ್ರಹಗಳ ಅಂಕಿಅಂಶ ನೋಡಲು ನಾಸಾದ ಜೆಪಿಎಲ್ (ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ) ನಡೆಸುವ ಸಣ್ಣ ಕಾಯಗಳ ಡೇಟಾಬೇಸ್ ಇದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆಕಾಶದಲ್ಲಿ ಏನು ಎಲ್ಲಿದೆ ಅಂತ ತಿಳಿಯಲು ಸ್ಟೆಲೇರಿಯಂ ಥರದ ಆ್ಯಪ್ ಇರಲಿ. ಬೈನಾಕ್ಯುಲರ್ ಇದ್ದರೆ ನಾಲ್ಕನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೂ ಲೆಕ್ಕ ನಿಲ್ಲುವುದಿಲ್ಲ.

ಹಂತ 1: ಬೆಳಕು ಸ್ವಂತದ್ದೋ, ಎರವಲೋ ನೋಡಿ

ನಕ್ಷತ್ರಗಳಿಗೆ ಸ್ವಂತ ಬೆಳಕಿದೆ. ಅವುಗಳ ಹೊಳಪು ಗಾತ್ರ ಮತ್ತು ಉಷ್ಣತೆಯ ಮೇಲೆ ನಿಂತಿದೆ. ಅಲ್ಲಿ ಈ ಲೇಖನದ ಲೆಕ್ಕ ನಡೆಯುವುದಿಲ್ಲ. ಗ್ರಹ, ಉಪಗ್ರಹ, ಕ್ಷುದ್ರಗ್ರಹ, ನಾವೇ ಹಾರಿಸಿದ ಕೃತಕ ಉಪಗ್ರಹ – ಇವೆಲ್ಲ ಸೂರ್ಯನ ಬೆಳಕನ್ನು ಎರವಲು ಪಡೆದು ಹೊಳೆಯುವಂಥವು. ನಮ್ಮ ಮಾತು ಇವುಗಳ ಬಗ್ಗೆ.

ಹಂತ 2: ಕಾಂತಿಮಾನದ ತಿರುಗುಮುರುಗು ಲೆಕ್ಕ ಕಲಿಯಿರಿ

ಆಕಾಶದ ಹೊಳಪನ್ನು ಅಳೆಯುವ ಸಂಖ್ಯೆಗೆ ಕಾಂತಿಮಾನ ಅನ್ನುತ್ತಾರೆ. ಹೊಸಬರು ಎಡವುವುದು ಇಲ್ಲೇ, ಯಾಕೆಂದರೆ ಇದು ಉಲ್ಟಾ. ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. ಸೂರ್ಯ −26.7, ಹುಣ್ಣಿಮೆ ಚಂದ್ರ −12.7, ಶುಕ್ರ ತುಂಬ ಹೊಳೆಯುವಾಗ −4.5ಕ್ಕಿಂತ ಸ್ವಲ್ಪ ಆಚೆ, ಲುಬ್ಧಕ ನಕ್ಷತ್ರ −1.5. ಊರಿನ ದೀಪಗಳಿಂದ ದೂರ, ಕಗ್ಗತ್ತಲಲ್ಲಿ ಬರಿಗಣ್ಣಿಗೆ ಕಾಣುವ ಕೊನೆಯ ಮಿತಿ ಸುಮಾರು 6. ಬೆಂಗಳೂರಿನ ಟೆರೇಸಿನಿಂದ ಅಷ್ಟೆಲ್ಲ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಸಂಗತಿ: ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಕಾಂತಿಮಾನ 1 ಏರಿದರೆ ಹೊಳಪು ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. 3 ಏರಿದರೆ 16 ಪಟ್ಟು, 5 ಏರಿದರೆ ಸರಿಯಾಗಿ 100 ಪಟ್ಟು ಇಳಿಯುತ್ತದೆ. ಐದಕ್ಕೆ ನೂರು ಎಂಬ ಈ ನಿಯಮವನ್ನು 1856ರಲ್ಲಿ ಮುಂದಿಟ್ಟವರು ಇಂಗ್ಲಿಷ್ ಖಗೋಳಜ್ಞ ನಾರ್ಮನ್ ಪಾಗ್ಸನ್. ಅವರು 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದರು. ಅದೇ ವರ್ಷ ಅಲ್ಲಿಂದಲೇ ಒಂದು ಕ್ಷುದ್ರಗ್ರಹವನ್ನು ಪತ್ತೆ ಹಚ್ಚಿ, ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು ಅಂತ ಅದಕ್ಕೆ 'ಏಷ್ಯಾ' ಎಂದೇ ಹೆಸರಿಟ್ಟರು. ಕೊನೆಯವರೆಗೂ ಮದ್ರಾಸಿನಲ್ಲೇ ಇದ್ದರು. ಆ ವೀಕ್ಷಣಾಲಯದ ಪರಂಪರೆಯೇ ಮುಂದೆ ಕೊಡೈಕೆನಾಲಿಗೆ ಹೋಗಿ, ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಾಗಿದೆ.

ಹಂತ 3: ದೂರವನ್ನು ಲೆಕ್ಕದಿಂದ ತೆಗೆಯಿರಿ

ಹತ್ತಿರ ಬಂದರೆ ಸಣ್ಣದೂ ಹೊಳೆಯುತ್ತದೆ. ಆದ್ದರಿಂದ ಎರಡು ಕಾಯಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ದೂರದಲ್ಲಿಟ್ಟಂತೆ ಲೆಕ್ಕ ಹಾಕಬೇಕು.

ಇಲ್ಲಿ ದೂರ ಒಂದಲ್ಲ, ಎರಡು. ಸೂರ್ಯನಿಂದ ಆ ಕಾಯಕ್ಕೆ ಎಷ್ಟು ದೂರ, ಆ ಕಾಯದಿಂದ ನಮಗೆ ಎಷ್ಟು ದೂರ. ಬೆಳಕು ಹೋಗುವಾಗಲೂ ಹರಡಿ ತೆಳುವಾಗುತ್ತದೆ, ವಾಪಸು ಬರುವಾಗಲೂ ತೆಳುವಾಗುತ್ತದೆ. ಎರಡೂ ದೂರ ದುಪ್ಪಟ್ಟಾದರೆ ಹೊಳಪು ನಾಲ್ಕರಲ್ಲೊಂದು ಪಾಲಲ್ಲ, ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಂದರೆ 3 ಕಾಂತಿಮಾನ ಮಂಕು.

ದೂರವನ್ನು ಖಗೋಳಮಾನದಲ್ಲಿ ಹೇಳುತ್ತಾರೆ. ಭೂಮಿ–ಸೂರ್ಯರ ಸರಾಸರಿ ದೂರವೇ 1 ಖಗೋಳಮಾನ, ಸುಮಾರು 15 ಕೋಟಿ ಕಿಲೋಮೀಟರ್. ಎರಡೂ ದೂರ ತಲಾ 1 ಖಗೋಳಮಾನ ಇದ್ದು, ಬಿಸಿಲು ಬಿದ್ದ ಮುಖ ಪೂರ್ತಿ ನಮ್ಮ ಕಡೆಗಿದ್ದರೆ ಎಷ್ಟು ಹೊಳೆಯುತ್ತಿತ್ತು ಎಂಬ ಸಂಖ್ಯೆಗೆ ನಿರಪೇಕ್ಷ ಕಾಂತಿಮಾನ ಅನ್ನುತ್ತಾರೆ. ಪಟ್ಟಿಗಳಲ್ಲಿ ಇದನ್ನು ಎಚ್ ಎಂಬ ಇಂಗ್ಲಿಷ್ ಅಕ್ಷರದಿಂದ ಗುರುತಿಸಿರುತ್ತಾರೆ. ನಾವೂ ಹಾಗೇ ಕರೆಯೋಣ. ನಕ್ಷತ್ರಗಳಿಗೂ ನಿರಪೇಕ್ಷ ಕಾಂತಿಮಾನ ಅಂತ ಇದೆ, ಆದರೆ ಅದರ ವ್ಯಾಖ್ಯೆಯೇ ಬೇರೆ. ಎರಡನ್ನೂ ಬೆರೆಸಬೇಡಿ.

ಎಚ್ ಗೊತ್ತಿದ್ದರೆ, ಕಾಯ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವಾಗ ಆಕಾಶದಲ್ಲಿ ಕಾಣುವ ಕಾಂತಿಮಾನ ಹೀಗೆ ಸಿಗುತ್ತದೆ:

ಕಾಣುವ ಕಾಂತಿಮಾನ = ಎಚ್ + 5 × ಲಾಗ್ (ಎರಡು ದೂರಗಳ ಗುಣಲಬ್ಧ)

ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ತೆಗೆದುಕೊಳ್ಳಿ. ಎಚ್ ಸುಮಾರು 3.2. ಸೂರ್ಯನಿಂದ ಸರಾಸರಿ 2.36 ಖಗೋಳಮಾನ ದೂರ. ಹಾಗಿದ್ದಾಗ ಎದುರು ದಿಕ್ಕಿನಲ್ಲಿ ನಮಗೆ 1.36 ದೂರ. ಗುಣಿಸಿದರೆ 3.21, ಅದರ ಲಾಗ್ 0.506, ಐದರಿಂದ ಗುಣಿಸಿದರೆ 2.5. ಒಟ್ಟು 5.7. ಬರಿಗಣ್ಣಿನ ಮಿತಿಯ ಒಳಗೇ ಬಂತು! ಕತ್ತಲ ಊರಿನಲ್ಲಿ, ಜಾಗ ಗೊತ್ತಿದ್ದವರಿಗೆ ವೆಸ್ಟಾ ಬರಿಗಣ್ಣಿಗೆ ಕಾಣುವುದುಂಟು.

ಈಗ ಸಿರಿಸ್. 1801ರ ಜನವರಿ 1ರಂದು ಸಿಕ್ಕ ಮೊದಲ ಕ್ಷುದ್ರಗ್ರಹ, ಪಟ್ಟಿಯಲ್ಲೇ ಅತಿ ದೊಡ್ಡದು. ಈಗ ಕುಬ್ಜಗ್ರಹ ಅಂತ ಬಡ್ತಿ ಸಿಕ್ಕಿದೆ. ಎಚ್ ಸುಮಾರು 3.3, ದೂರ 2.77 ಮತ್ತು 1.77. ಲೆಕ್ಕ ಹಾಕಿದರೆ 6.8ರ ಹತ್ತಿರ ಬರುತ್ತದೆ. ಬರಿಗಣ್ಣಿಗೆ ಸಿಗುವುದಿಲ್ಲ.

ಇಲ್ಲೊಂದು ವಿಷಯ ಗಮನಿಸಿದಿರಾ? ದೂರವನ್ನು ತೆಗೆದುಹಾಕಿದ ಮೇಲೂ ಎರಡರ ಎಚ್ ಹೆಚ್ಚುಕಡಿಮೆ ಒಂದೇ. ಆದರೆ ಸಿರಿಸ್‌ನ ವ್ಯಾಸ ಸುಮಾರು 940 ಕಿಲೋಮೀಟರ್. ವೆಸ್ಟಾದ್ದು ಸುಮಾರು 525. ಬಿಂಬದ ಹರವು ಮೂರು ಪಟ್ಟು ಜಾಸ್ತಿ ಇರುವ ಸಿರಿಸ್, ಹೊಳಪಿನಲ್ಲಿ ವೆಸ್ಟಾಕ್ಕಿಂತ ಒಂದು ಎಳೆ ಹಿಂದೆ.

ಹಂತ 4: ಗಾತ್ರ ಮತ್ತು ಬಿಳುಪು, ಎರಡನ್ನೂ ಒಟ್ಟಿಗೆ ಹಿಡಿಯಿರಿ

ಮೈ ಎಷ್ಟು ಬೆಳಕನ್ನು ವಾಪಸು ಕಳಿಸುತ್ತದೆ ಎಂಬುದಕ್ಕೆ ಆಲ್ಬೆಡೊ ಎಂಬ ಸಂಖ್ಯೆ ಇದೆ. ಸೊನ್ನೆ ಅಂದರೆ ಎಲ್ಲ ಬೆಳಕನ್ನೂ ನುಂಗುವ ಕಡುಗಪ್ಪು. 1 ಅಂದರೆ ಅಷ್ಟೇ ಅಗಲದ, ಬಿದ್ದ ಬೆಳಕನ್ನೆಲ್ಲ ಎಲ್ಲ ದಿಕ್ಕಿಗೂ ಚೆದುರಿಸುವ ಬಿಳಿ ತಟ್ಟೆ ಎಷ್ಟು ಹೊಳೆಯುತ್ತಿತ್ತೋ ಅಷ್ಟು.

ನಮ್ಮ ಚಂದ್ರನ ಆಲ್ಬೆಡೊ 0.12. ಹೌದು, ಅಷ್ಟು ಬೆಳ್ಳಗೆ ಕಾಣುವ ಚಂದ್ರ ನಿಜಕ್ಕೂ ಕಪ್ಪು ಕಲ್ಲು. ಸುತ್ತ ಕತ್ತಲಿರುವುದರಿಂದ ಹಾಗೆ ಕಾಣುತ್ತದೆ. ಶುಕ್ರ ಸುಮಾರು 0.7, ಪೂರ್ತಿ ಮೋಡದ ಹೊದಿಕೆ. ವೆಸ್ಟಾ 0.4ರ ಆಸುಪಾಸು, ಸಿರಿಸ್ 0.09. ಹ್ಯಾಲಿ ಧೂಮಕೇತುವಿನ ಒಳಗಿನ ಗಟ್ಟಿ ಉಂಡೆ 0.04 ಮಾತ್ರ, ಕಲ್ಲಿದ್ದಲಿನ ಬಣ್ಣ. ಇನ್ನೊಂದು ತುದಿಯಲ್ಲಿ ಶನಿಯ ಉಪಗ್ರಹ ಎನ್ಸೆಲಡಸ್ ಇದೆ. ಒಳಗಿಂದ ಚಿಮ್ಮುವ ನೀರು ಹೊಸ ಹಿಮವಾಗಿ ಮೈಮೇಲೆ ಸದಾ ಉದುರುತ್ತಲೇ ಇರುತ್ತದೆ.

*ಎಡವಬೇಡಿ:* ಎನ್ಸೆಲಡಸ್‌ನ ಆಲ್ಬೆಡೊ 1.38 ಅಂತ ಕೆಲವು ಕಡೆ ಓದುತ್ತೀರಿ, 0.8 ಅಂತ ಇನ್ನು ಕೆಲವು ಕಡೆ. ಎರಡೂ ಸರಿ. ಮೊದಲನೆಯದು ಜ್ಯಾಮಿತೀಯ ಆಲ್ಬೆಡೊ: ಸೂರ್ಯ ಬೆನ್ನ ಹಿಂದಿದ್ದು ನೇರ ಎದುರಿಂದ ನೋಡಿದಾಗ ಬಿಳಿ ತಟ್ಟೆಗೆ ಹೋಲಿಸಿದ ಹೊಳಪು. ಬಂದ ದಿಕ್ಕಿಗೇ ಬೆಳಕನ್ನು ಹೆಚ್ಚು ತಿರುಗಿಸುವ ಮೈಯಾದರೆ ಅದು 1 ದಾಟಬಹುದು. ಎರಡನೆಯದು ಬಾಂಡ್ ಆಲ್ಬೆಡೊ: ಬಿದ್ದ ಒಟ್ಟು ಬೆಳಕಿನಲ್ಲಿ ಎಲ್ಲ ದಿಕ್ಕಿಗೂ ಸೇರಿ ಎಷ್ಟು ವಾಪಸು ಹೋಯಿತು ಎಂಬ ಪಾಲು. ಅದು 1 ದಾಟುವ ಮಾತೇ ಇಲ್ಲ. ಹೊಳಪಿನಿಂದ ಗಾತ್ರ ಕಂಡುಹಿಡಿಯಲು ನಮಗೆ ಬೇಕಾದದ್ದು ಜ್ಯಾಮಿತೀಯ ಆಲ್ಬೆಡೊ.

ಇನ್ನು ನಿಯಮ. ದೂರ ಒಂದೇ ಆಗಿದ್ದರೆ, ಹೊಳಪು = ವ್ಯಾಸದ ವರ್ಗ × ಆಲ್ಬೆಡೊ. ವ್ಯಾಸ ದುಪ್ಪಟ್ಟಾದರೆ ಹೊಳಪು ನಾಲ್ಕು ಪಟ್ಟು. ಆಲ್ಬೆಡೊ ನಾಲ್ಕು ಪಟ್ಟಾದರೂ ಹೊಳಪು ನಾಲ್ಕೇ ಪಟ್ಟು. ನೋಡುವವರಿಗೆ ಎರಡರಲ್ಲಿ ಏನೂ ವ್ಯತ್ಯಾಸ ತಿಳಿಯುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ನಾಲ್ಕೂ ನಮ್ಮಿಂದ, ಸೂರ್ಯನಿಂದ ಹೆಚ್ಚುಕಡಿಮೆ ಒಂದೇ ದೂರ. ದೂರದ ತಲೆನೋವೇ ಇಲ್ಲ. ಉಳಿಯುವುದು ಗಾತ್ರ ಮತ್ತು ಬಿಳುಪು ಮಾತ್ರ.

ಕ್ಯಾಲಿಸ್ಟೊ: ವ್ಯಾಸ 4,821 ಕಿಲೋಮೀಟರ್, ಆಲ್ಬೆಡೊ ಸುಮಾರು 0.2.
ಯುರೋಪಾ: ವ್ಯಾಸ 3,122 ಕಿಲೋಮೀಟರ್, ಆಲ್ಬೆಡೊ ಸುಮಾರು 0.67.

ಕ್ಯಾಲಿಸ್ಟೊ ಬಿಂಬದ ಹರವು ಯುರೋಪಾದ 2.4 ಪಟ್ಟು. ಆದರೆ ಯುರೋಪಾದ ಹಿಮದ ಮೈ ಮೂರು ಪಟ್ಟಿಗೂ ಮೀರಿ ಬಿಳಿ. ಭಾಗಿಸಿ ನೋಡಿದರೆ ಯುರೋಪಾ ಸುಮಾರು 1.4 ಪಟ್ಟು ಹೆಚ್ಚು ಹೊಳೆಯಬೇಕು. ಗುರು ನಮಗೆ ಹತ್ತಿರವಿದ್ದಾಗ ಯುರೋಪಾದ ಕಾಂತಿಮಾನ 5.3, ಕ್ಯಾಲಿಸ್ಟೊದ್ದು 5.6ರಿಂದ 5.7. ಲೆಕ್ಕ ಕೂಡಿಬಂತು. ಬುಧ ಗ್ರಹಕ್ಕೆ ಸರಿಸಮ ಗಾತ್ರದ ಕ್ಯಾಲಿಸ್ಟೊ, ನಮ್ಮ ಚಂದ್ರನಿಗಿಂತ ಚಿಕ್ಕದಾದ ಯುರೋಪಾದ ಎದುರು ಮಂಕು!

ನೋಡುವ ಕ್ರಮ ಹೀಗೆ. 10×50 ಬೈನಾಕ್ಯುಲರ್ ಅನ್ನು ಗೋಡೆಗೋ ಟ್ರೈಪಾಡ್‌ಗೋ ಆನಿಸಿ. ಕೈಯಲ್ಲಿ ಹಿಡಿದರೆ ಚುಕ್ಕಿಗಳು ಕುಣಿಯುತ್ತವೆ. ಯಾವ ಚುಕ್ಕಿ ಯಾವುದು ಅಂತ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಫೋಕಸ್ ಚಕ್ರವನ್ನು ಒಂಚೂರು ತಿರುಗಿಸಿ ನೋಟವನ್ನು ಮಸುಕು ಮಾಡಿ. ಚೂಪು ಚುಕ್ಕಿಗಳು ಪುಟ್ಟ ಬಿಲ್ಲೆಗಳಾಗಿ ಹರಡಿಕೊಳ್ಳುತ್ತವೆ. ಚೂಪು ಚುಕ್ಕಿಗಿಂತ ಬಿಲ್ಲೆಗಳ ಹೊಳಪು ಹೋಲಿಸುವುದು ಕಣ್ಣಿಗೆ ಸುಲಭ. ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರು ಬಳಸುವ ಹಳೆಯ ಉಪಾಯ ಇದು.

*ಎಡವಬೇಡಿ:* ಗುರುವಿನ ಪಕ್ಕಕ್ಕೇ ಅಂಟಿಕೊಂಡ ಉಪಗ್ರಹ ಗುರುವಿನ ಪ್ರಭೆಯಲ್ಲಿ ಮುಳುಗಿ ಸುಮ್ನೆ ಮಂಕಾಗಿ ಕಾಣುತ್ತದೆ. ಯುರೋಪಾ ಸಾಕಷ್ಟು ದೂರ ಸರಿದ ರಾತ್ರಿಯನ್ನೇ ಆರಿಸಿ. ಗುರು ದಿಗಂತದ ಹತ್ತಿರ ಇರುವಾಗಲೂ ಬೇಡ. ಅಲ್ಲಿ ಗಾಳಿ, ದೂಳು ಎಲ್ಲ ಸೇರಿ ಮಂಕಾದ ಚುಕ್ಕಿಯನ್ನು ನುಂಗಿಬಿಡುತ್ತದೆ.

ಹಂತ 5: ಈಗ ಗಾತ್ರದ ಅಂದಾಜು

ಎಚ್ ಮತ್ತು ಆಲ್ಬೆಡೊ ಗೊತ್ತಿದ್ದರೆ ವ್ಯಾಸ ಹೀಗೆ:

ವ್ಯಾಸ (ಕಿಲೋಮೀಟರ್‌ನಲ್ಲಿ) = (1329 ÷ √ಆಲ್ಬೆಡೊ) × 10^(−ಎಚ್ ÷ 5)

ಹೊಸದಾಗಿ ಸಿಕ್ಕ ಕಲ್ಲಿನ ಎಚ್ ಬೇಗ ಗೊತ್ತಾಗುತ್ತದೆ. ಕೆಲವು ರಾತ್ರಿ ಗಮನಿಸಿ ಕಕ್ಷೆ ಸಿಕ್ಕರೆ ದೂರ ಸಿಕ್ಕಿತು, ಹೊಳಪು ಹೇಗೂ ಅಳೆದಿದ್ದಾರೆ. ಗೊತ್ತಾಗದೆ ಉಳಿಯುವುದು ಆಲ್ಬೆಡೊ. ಆದ್ದರಿಂದ ಲೆಕ್ಕವನ್ನು ಒಂದಲ್ಲ, ಎರಡು ಸಲ ಮಾಡಬೇಕು. ಒಮ್ಮೆ ಕಲ್ಲು ಕಪ್ಪಗಿದೆ ಅಂದುಕೊಂಡು, ಇನ್ನೊಮ್ಮೆ ಬೆಳ್ಳಗಿದೆ ಅಂದುಕೊಂಡು. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ.

2024 ವೈಆರ್4ರ ಎಚ್ ಸುಮಾರು 23.9. ಐದರಿಂದ ಭಾಗಿಸಿದರೆ 4.78. 10ರ ಘಾತ −4.78 ಅಂದರೆ 0.0000166. ಇದನ್ನು 1329ರಿಂದ ಗುಣಿಸಿದರೆ 0.022 ಕಿಲೋಮೀಟರ್, ಅಂದರೆ 22 ಮೀಟರ್. ಇದನ್ನು ಆಲ್ಬೆಡೊದ ವರ್ಗಮೂಲದಿಂದ ಭಾಗಿಸಬೇಕು.

ಆಲ್ಬೆಡೊ 0.3 ಅಂದುಕೊಂಡರೆ 22 ÷ 0.548 = 40 ಮೀಟರ್.
ಆಲ್ಬೆಡೊ 0.06 ಅಂದುಕೊಂಡರೆ 22 ÷ 0.245 = 90 ಮೀಟರ್.

ಪತ್ರಿಕೆಯಲ್ಲಿ ಬಂದ 40-90 ಇದೇ. ಅಳತೆ ಸರಿಯಾಗಿಲ್ಲದೆ ಬಂದ ಅಂತರ ಅಲ್ಲ ಇದು. ಹೊಳಪಿನ ಅಳತೆ ಸರಿಯಾಗಿಯೇ ಇತ್ತು, ಮೈಬಣ್ಣ ಗೊತ್ತಿರಲಿಲ್ಲ ಅಷ್ಟೆ.

ಎರಡು ಪಟ್ಟಿನ ಅಂತರ ತಾನೇ, ಏನು ಮಹಾ ಅನ್ನಬೇಡಿ. ಬಡಿದಾಗ ಆಗುವ ಹಾನಿ ನಿಂತಿರುವುದು ತೂಕದ ಮೇಲೆ. ತೂಕ ವ್ಯಾಸದ ಘನದಂತೆ ಏರುತ್ತದೆ. 90ನ್ನು 40ರಿಂದ ಭಾಗಿಸಿದರೆ 2.25, ಅದರ ಘನ 11.4. ಕಲ್ಲಿನ ಸಾಂದ್ರತೆ ಒಂದೇ ಅಂದುಕೊಂಡರೂ ಶಕ್ತಿಯಲ್ಲಿ ಹನ್ನೊಂದು ಪಟ್ಟಿನ ಅಂತರ.

ಪ್ರತಿ ಸಲ ಕ್ಯಾಲ್ಕುಲೇಟರ್ ಹಿಡಿಯಲು ಬೇಜಾರಾದರೆ ಒಂದು ಬಾಯಿಲೆಕ್ಕ ಇದೆ. ಎಚ್ 22 ಇದ್ದರೆ, ಆಲ್ಬೆಡೊ 0.25ರಿಂದ 0.05ರವರೆಗೆ ಅಂದುಕೊಂಡಾಗ ವ್ಯಾಸ ಸುಮಾರು 105ರಿಂದ 235 ಮೀಟರ್. ಎಚ್ 5 ಇಳಿದರೆ ವ್ಯಾಸ ಹತ್ತು ಪಟ್ಟು, 5 ಏರಿದರೆ ಹತ್ತರಲ್ಲೊಂದು. ಅಂದರೆ ಎಚ್ 17ಕ್ಕೆ ಒಂದರಿಂದ ಎರಡೂಕಾಲು ಕಿಲೋಮೀಟರ್, ಎಚ್ 27ಕ್ಕೆ ಹತ್ತರಿಂದ ಇಪ್ಪತ್ತಮೂರು ಮೀಟರ್. 'ಅಪಾಯಕಾರಿ ಕ್ಷುದ್ರಗ್ರಹ' ಎಂಬ ಪಟ್ಟಿಗೆ ಸೇರಿಸಲು ಗಾತ್ರದ ಗೆರೆ 140 ಮೀಟರ್ ಅಂತ ಓದಿರುತ್ತೀರಿ. ಅಸಲಿಗೆ ಅಲ್ಲಿರುವ ಗೆರೆ ಎಚ್ 22. ಆಲ್ಬೆಡೊ 0.14 ಅಂತ ಇಟ್ಟುಕೊಂಡರೆ ಅದೇ 140 ಮೀಟರ್ ಆಗುತ್ತದೆ.

ಆಲ್ಬೆಡೊವನ್ನು ಮನಸ್ಸಿಗೆ ಬಂದಂತೆ ಊಹಿಸುವುದೂ ಬೇಡ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಕಲ್ಲಿನ ಜಾತಿ ತಿಳಿಯುತ್ತದೆ. ಇಂಗಾಲ ಹೆಚ್ಚಿರುವ ಸಿ ಜಾತಿಯವು ಕಪ್ಪು, 0.03ರಿಂದ 0.1. ಬೆನ್ನು, ರ್ಯುಗು ಎಂಬ ಕ್ಷುದ್ರಗ್ರಹಗಳೆರಡೂ ಈ ಕಪ್ಪು ಬಳಗದವು, ಆಲ್ಬೆಡೊ 0.045ರ ಆಸುಪಾಸು. ಸಿಲಿಕೇಟ್ ಕಲ್ಲಿನ ಎಸ್ ಜಾತಿಯವು ತುಸು ಬಿಳುಪು, ಸಾಮಾನ್ಯವಾಗಿ 0.1ರಿಂದ 0.3ರ ನಡುವೆ. ಜಾತಿ ಗೊತ್ತಾದರೆ ಅಂದಾಜಿನ ಅಂತರ ಅರ್ಧಕ್ಕರ್ಧ ಕುಗ್ಗುತ್ತದೆ.

ಹಂತ 6: ಬಿಸಿಲು ಬಿದ್ದ ಮುಖ ಎಷ್ಟು ಕಾಣುತ್ತಿದೆ?

ಅರ್ಧಚಂದ್ರನ ಹೊಳಪು ಹುಣ್ಣಿಮೆಯ ಅರ್ಧ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಅರ್ಧಚಂದ್ರನ ಕಾಂತಿಮಾನ ಸುಮಾರು −10, ಹುಣ್ಣಿಮೆಯದು −12.7. ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ! ಅರ್ಧಚಂದ್ರನಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಪ್ರತಿ ಗುಡ್ಡ, ಕುಳಿ, ಹರಳಿನ ನೆರಳು ನಮಗೆ ಕಾಣುತ್ತದೆ. ಹುಣ್ಣಿಮೆಯಲ್ಲಿ ಸೂರ್ಯ ನಮ್ಮ ಬೆನ್ನ ಹಿಂದೆ. ನೆರಳುಗಳೆಲ್ಲ ವಸ್ತುಗಳ ಹಿಂದೆಯೇ ಅಡಗಿಬಿಡುತ್ತವೆ.

ಸೂರ್ಯ–ಕಾಯ–ನಾವು, ಈ ಮೂರರ ನಡುವಿನ ಕೋನಕ್ಕೆ ಕಲಾಕೋನ ಅನ್ನುತ್ತಾರೆ. ಮಂಗಳ–ಗುರುಗಳ ನಡುವಿನ ಕ್ಷುದ್ರಗ್ರಹಗಳಿಗೆ ಇದು ದೊಡ್ಡದಾಗುವುದಿಲ್ಲ. ಭೂಮಿಯ ಹತ್ತಿರ ಹಾದುಹೋಗುವವಕ್ಕೆ ತುಂಬ ಮುಖ್ಯ.

ಅಪೋಫಿಸ್ ಎಂಬ ಕ್ಷುದ್ರಗ್ರಹ ನೋಡಿ. 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ನಸುಕಿಗೆ, ಅದು ಭೂಮಿಯ ನೆಲದಿಂದ ಸುಮಾರು 32,000 ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ಬಡಿಯುವುದಿಲ್ಲ, ಗಾಬರಿ ಬೇಡ. ಎಚ್ ಸುಮಾರು 19.1. ಭೂಮಿಯ ಕೇಂದ್ರದಿಂದ 38,000 ಕಿಲೋಮೀಟರ್ ಅಂದರೆ 0.000254 ಖಗೋಳಮಾನ. ಮೂರನೇ ಹಂತದ ಸೂತ್ರಕ್ಕೆ ಹಾಕಿದರೆ ಕಾಂತಿಮಾನ 1.1 ಬರುತ್ತದೆ. ಆದರೆ ಖಗೋಳಜ್ಞರು ಹೇಳುತ್ತಿರುವುದು 3ರ ಆಸುಪಾಸು. ಆ ಎರಡು ಅಂಕಿ ಮಂಕಾಗುವುದು ಮುಖ್ಯವಾಗಿ ಕಲಾಕೋನದಿಂದ. ಹತ್ತಿರ ಬರುವ ಹೊತ್ತಿಗೆ ಅದರ ಬಿಸಿಲು ಮುಖ ಪೂರ್ತಿ ನಮ್ಮತ್ತ ಇರುವುದಿಲ್ಲ.

ಶುಕ್ರನದು ಇನ್ನೊಂದು ತಮಾಷೆ. ಅದು ಅತಿ ಹೆಚ್ಚು ಹೊಳೆಯುವುದು ದುಂಡಗಿದ್ದಾಗಲ್ಲ, ಕುಡುಗೋಲಿನಂತೆ ಕಾಣುವಾಗ. ದುಂಡಗಿರುವಾಗ ಅದು ಸೂರ್ಯನ ಆಚೆ ಬದಿಯಲ್ಲಿ ದೂರ ಇರುತ್ತದೆ.

ಹಂತ 7: ಹೊಳಪು ನಿಂತಲ್ಲಿ ನಿಲ್ಲುತ್ತದೆಯೇ ನೋಡಿ

ಒಂದು ರಾತ್ರಿಯ ಒಂದು ಅಳತೆಯನ್ನು ನಂಬಬೇಡಿ. ಕ್ಷುದ್ರಗ್ರಹಗಳು ಗುಂಡಗಿರುವುದು ಕಡಿಮೆ. ಉದ್ದನೆಯ ಕಲ್ಲು ಉರುಳುವಾಗ ಅಗಲದ ಬದಿ ತೋರಿಸಿದರೆ ಹೊಳಪು, ತುದಿ ತೋರಿಸಿದರೆ ಮಂಕು. ಹೀಗೆ ಏರಿಳಿಯುವ ಹೊಳಪಿನಿಂದಲೇ ಅದು ಎಷ್ಟು ಹೊತ್ತಿಗೆ ಒಂದು ಸುತ್ತು ತಿರುಗುತ್ತದೆ ಎಂದು ಕಂಡುಹಿಡಿಯುತ್ತಾರೆ.

ಆದರೆ ಏರಿಳಿತ ಯಾವಾಗಲೂ ಆಕಾರದಿಂದಲೇ ಬರಬೇಕೆಂದೇನೂ ಇಲ್ಲ. 1671ರಲ್ಲಿ ಪ್ಯಾರಿಸ್‌ನಲ್ಲಿ ಖಗೋಳಜ್ಞ ಜೊವಾನಿ ಕಸೀನಿ ಶನಿಯ ಪಶ್ಚಿಮಕ್ಕೆ ಒಂದು ಹೊಸ ಉಪಗ್ರಹ ಕಂಡರು. ಈಗ ಅದನ್ನು ಅಯಾಪಿಟಸ್ ಅನ್ನುತ್ತೇವೆ. ಅದು ಸುತ್ತಿ ಪೂರ್ವಕ್ಕೆ ಬಂದಾಗ ಎಷ್ಟು ಹುಡುಕಿದರೂ ಇಲ್ಲ. ಮತ್ತೆ ಪಶ್ಚಿಮಕ್ಕೆ ಹೋದಾಗ ಹಾಜರ್. ಒಂದು ಮುಖ ಕಪ್ಪು, ಇನ್ನೊಂದು ಬಿಳಿ ಇರಬೇಕು, ಚಂದ್ರನ ಹಾಗೆ ಸದಾ ಒಂದೇ ಮುಖವನ್ನು ಶನಿಗೆ ತೋರಿಸುತ್ತಿರಬೇಕು ಅಂತ ಅವರು ಊಹಿಸಿದರು. ಕೊನೆಗೂ ಪೂರ್ವ ಬದಿಯಲ್ಲಿ ಅದು ಅವರಿಗೆ ಕಂಡದ್ದು 1705ರಲ್ಲಿ, ಇನ್ನೂ ಒಳ್ಳೆಯ ದೂರದರ್ಶಕ ಕೈಗೆ ಬಂದ ಮೇಲೆ. ಊಹೆ ಪೂರ್ತಿ ನಿಜ. ಒಂದು ಬದಿಯ ಆಲ್ಬೆಡೊ 0.05, ಇನ್ನೊಂದರದು 0.5ರ ಆಸುಪಾಸು. ಗಾತ್ರ ಒಂದಿಷ್ಟೂ ಬದಲಾಗದೆ ಕಾಂತಿಮಾನ 10.2ರಿಂದ 11.9ರವರೆಗೆ ಓಡಾಡುತ್ತದೆ.

ಹಂತ 8: ಸೂತ್ರ ಕೈಕೊಡುವ ಜಾಗಗಳು

*ಧೂಮಕೇತುಗಳು.* ಇವುಗಳ ಸುತ್ತ ಅನಿಲ, ದೂಳಿನ ಮೋಡ ಇರುತ್ತದೆ. ನಮಗೆ ಬರುವ ಬೆಳಕಿನ ಬಹುಪಾಲು ಆ ಮೋಡದ್ದು, ಒಳಗಿನ ಗಟ್ಟಿ ಉಂಡೆಯದ್ದಲ್ಲ. 2025ರ ಜುಲೈ 1ರಂದು ಸಿಕ್ಕ 3ಐ/ಅಟ್ಲಾಸ್ ಎಂಬ ಅನ್ಯತಾರಾ (ಸೌರಮಂಡಲದ ಆಚೆಯಿಂದ ಬಂದ) ಧೂಮಕೇತು 20 ಕಿಲೋಮೀಟರ್ ಇರಬಹುದೆಂದು ಮೊದಮೊದಲು ಸುದ್ದಿಯಾಯಿತು. ಅದೇ ತಿಂಗಳು ಹಬಲ್ ದೂರದರ್ಶಕ ಮೋಡವನ್ನೂ ಉಂಡೆಯನ್ನೂ ಬೇರ್ಪಡಿಸಿ ನೋಡಿದಾಗ, ಉಂಡೆ ಹೆಚ್ಚೆಂದರೆ 5.6 ಕಿಲೋಮೀಟರ್, 320 ಮೀಟರ್ ಇದ್ದರೂ ಇರಬಹುದು ಎಂಬ ಅಂದಾಜು ಬಂತು. ಧೂಮಕೇತುವಿಗೆ ಐದನೇ ಹಂತದ ಸೂತ್ರ ಹಾಕಲೇಬೇಡಿ.

*ಕೃತಕ ಉಪಗ್ರಹಗಳು.* ಇವುಗಳಿಗೆ ಕನ್ನಡಿಯಂಥ ಚಪ್ಪಟೆ ಮೈ ಇರುತ್ತದೆ. ಹಳೆಯ ಇರಿಡಿಯಂ ಉಪಗ್ರಹಗಳ ನುಣುಪಾದ ಆಂಟೆನಾ ಎರಡು ಮೀಟರ್ ಉದ್ದ ಕೂಡ ಇರಲಿಲ್ಲ. ಬಿಸಿಲು ಸರಿಯಾದ ಕೋನದಲ್ಲಿ ತಾಗಿದರೆ ಕೆಲವು ಸೆಕೆಂಡು −8ರ ತನಕ ಮಿಂಚುತ್ತಿದ್ದವು, ಶುಕ್ರನನ್ನೂ ಮೀರಿಸಿ. 109 ಮೀಟರ್ ಅಗಲದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೂಡ ಸಾಮಾನ್ಯವಾಗಿ ಅಷ್ಟು ಹೊಳೆಯುವುದಿಲ್ಲ. ಕಲ್ಲಿನ ಮೈ ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತದೆ, ಕನ್ನಡಿ ಒಂದೇ ಕಡೆ ಎಸೆಯುತ್ತದೆ. ಆಲ್ಬೆಡೊ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 9: ಗಾತ್ರ ಅಂದಾಜಿನದ್ದೋ, ಅಳೆದದ್ದೋ ಪತ್ತೆ ಮಾಡಿ

ಗುಣಲಬ್ಧವನ್ನು ಬಿಡಿಸಲು ಎರಡನೇ ಅಳತೆ ಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಶಾಖ. ಕಪ್ಪು ಕಲ್ಲು ಬಿಸಿಲನ್ನು ಹೀರಿ ಬಿಸಿಯಾಗಿ, ಆ ಶಾಖವನ್ನು ಅವಕೆಂಪು ಕಿರಣವಾಗಿ, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕಾಗಿ, ಹೊರಸೂಸುತ್ತದೆ. ಕಪ್ಪಾಗಲಿ, ಸ್ವಲ್ಪ ಬಿಳಿಯಾಗಲಿ, ಬಿದ್ದ ಬಿಸಿಲಿನ ಬಹುಪಾಲನ್ನು ಎರಡೂ ಹೀರಿಕೊಳ್ಳುತ್ತವೆ. ಹಾಗಾಗಿ ಅವಕೆಂಪಿನಲ್ಲಿ ಬಣ್ಣದ ಮೋಸ ಕಡಿಮೆ, ಗಾತ್ರವೇ ಮುಖ್ಯ. 2025ರ ಮಾರ್ಚ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ 2024 ವೈಆರ್4ನ್ನು ಹೀಗೆ ನೋಡಿದಾಗ ಸುಮಾರು 60 ಮೀಟರ್ ಅಂತ ಸಿಕ್ಕಿತು. ಈಗ ನಮ್ಮ ಸೂತ್ರವನ್ನು ಹಿಂದೆ ತಿರುಗಿಸಿ: 22ನ್ನು 60ರಿಂದ ಭಾಗಿಸಿ ವರ್ಗ ಮಾಡಿದರೆ 0.13. ಮೈಬಣ್ಣವೂ ಸಿಕ್ಕಿತು!

ಎರಡನೆಯದು ಮರೆಯಾಗುವಿಕೆ. ಕಾಯ ಒಂದು ನಕ್ಷತ್ರದ ಎದುರು ಹಾದುಹೋಗುವಾಗ ನಕ್ಷತ್ರ ಕೆಲವು ಸೆಕೆಂಡು ಆರುತ್ತದೆ. ಎಷ್ಟು ಹೊತ್ತು ಆರಿತು ಎಂಬುದನ್ನು ಕಾಯದ ವೇಗದಿಂದ ಗುಣಿಸಿದರೆ ಅದರ ಅಗಲ. 2005ರಲ್ಲಿ ಘೋಷಿಸಿದ ಎರಿಸ್ ಎಂಬ ಕುಬ್ಜಗ್ರಹ ಪ್ಲೂಟೊಗಿಂತ ದೊಡ್ಡದು ಅಂತ ಆಗ ಎಲ್ಲರ ಎಣಿಕೆ. 2010ರ ನವೆಂಬರ್‌ನಲ್ಲಿ ಎರಿಸ್ ಒಂದು ನಕ್ಷತ್ರವನ್ನು ಮರೆಮಾಡಿತು. ಅಳೆದರೆ 2,326 ಕಿಲೋಮೀಟರ್, ಆಲ್ಬೆಡೊ 0.96! ಪ್ಲೂಟೊ 2,377. ಹಿಮದ ಹೊಳಪೇ ಅದನ್ನು ದೊಡ್ಡದಾಗಿ ತೋರಿಸಿತ್ತು.

ಮೂರನೆಯದು ರಾಡಾರ್. ಹತ್ತಿರ ಹಾದುಹೋಗುವವಕ್ಕೆ ಮಾತ್ರ, ಆದರೆ ಆಕಾರ ಸಮೇತ ತಿಳಿಯುತ್ತದೆ. ಬೆನ್ನುವಿನ ಗಾತ್ರವನ್ನು ನೌಕೆ ತಲುಪುವ ಮೊದಲೇ ರಾಡಾರ್ ಹೆಚ್ಚುಕಡಿಮೆ ಸರಿಯಾಗಿ ಹೇಳಿತ್ತು. ಸುಮಾರು ಅರ್ಧ ಕಿಲೋಮೀಟರ್.

ಮುಂದಿನ ಸಲ ಕ್ಷುದ್ರಗ್ರಹದ ಸುದ್ದಿ ಬಂದಾಗ ಅದರ ಹೆಸರನ್ನು ಜೆಪಿಎಲ್ ಡೇಟಾಬೇಸಿನಲ್ಲಿ ಹುಡುಕಿ. ಭೌತಿಕ ಗುಣಗಳ ಪಟ್ಟಿ ತೆರೆಯಿರಿ. ವ್ಯಾಸ, ಆಲ್ಬೆಡೊ ಎಂಬ ಸಾಲುಗಳಿದ್ದು ಪಕ್ಕದಲ್ಲಿ ಯಾರ ಅಧ್ಯಯನ ಎಂದು ಕೊಟ್ಟಿದ್ದರೆ ಯಾರೋ ಅಳೆದಿದ್ದಾರೆ. ಎಚ್ ಒಂದೇ ಇದ್ದರೆ, ಸುದ್ದಿಯಲ್ಲಿ ಬಂದ ಮೀಟರ್ ಲೆಕ್ಕವೆಲ್ಲ ಐದನೇ ಹಂತದ ಸೂತ್ರದಿಂದ ಬಂದದ್ದು. 0.05 ಮತ್ತು 0.25 ಹಾಕಿ ನೀವೇ ಎರಡು ಸಲ ಲೆಕ್ಕ ಮಾಡಿ. ಸುದ್ದಿಯಲ್ಲಿ ಒಂದೇ ಸಂಖ್ಯೆ ಇದ್ದರೆ, ಸಾಮಾನ್ಯವಾಗಿ ಅದು ಈ ಎರಡರ ನಡುವೆ ಎಲ್ಲೋ ಇರುತ್ತದೆ. ತಲೆಬರಹದಲ್ಲಿ ಬಂದದ್ದು ಮಾತ್ರ ದೊಡ್ಡ ಸಂಖ್ಯೆಯೇ ಆಗಿರುವ ಸಾಧ್ಯತೆ ಜಾಸ್ತಿ.